ಸಂಕಷ್ಟಿ ಮಾಡಿದ ನಾಯಿಯ ಸುದ್ದಿ

ಭಾವ ಫೋನಿನಲ್ಲಿ ಪೀಠಿಕೆ ಹಾಕುವವರಲ್ಲ. ಅಂದು ಬೆಳಿಗ್ಗೆಯೂ ಹಾಕಲಿಲ್ಲ. ಆದರೆ ದನಿಯಲ್ಲಿ ಹಬ್ಬದ ಗಡಿಬಿಡಿಯಿತ್ತು.

"ಹ್ವಾಯ್, ಒಂದ್ ಸುದ್ದಿ ಇತ್ತ್ ಮಾರಾಯ. ಫೋಟೋ ಸಮೇತ ಹಾಕುವಂಥದ್ದ್. ಬೇಗ ಹೊರ್ಡ್."

"ಎಂತ ಸುದ್ದಿ ಭಾವ?"

"ನಮ್ಮ ನಾಯಿ ಸಂಕಷ್ಟಿ ಮಾಡ್ತ್. ನಿನ್ನಿ ಇಡೀ ದಿನ ಅನ್ನ ಮುಟ್ಟಿಲ್ಲ. ಚಂದ್ರೋದಯ ಆಯ್ತ್, ಅರ್ಘ್ಯ ಬಿಟ್ಟಾಯ್ತ್, ನಾವೆಲ್ಲ ಉಂಡಾಯ್ತ್. ಅದ್ ಮಾತ್ರ ಉಂಡಿಲ್ಲ. ಇವತ್ತ್ ಬೆಳಿಗ್ಗೆ ದೋಸೆ ಹಾಕಿರೂ ಮೂಸಿ ನೋಡಿಲ್ಲ. ಜನ ಬಂದ್ ಕೈ ಮುಗ್ದ್ ಹೋತಿದ್ರ್."

ಭಾವ ಎಂದರೆ ನನ್ನ ಅಕ್ಕನ ಗಂಡ. ಎಳೆ ವಯಸ್ಸಿನಲ್ಲಿ ಮುಂಬೈಗೆ ಹೋಗಿ ಹೋಟೆಲುಗಳಲ್ಲಿ ದುಡಿದು, ಊರಿಗೆ ಮರಳಿ, ಕುಂಭಾಶಿಯಲ್ಲಿ ಆನೆಗುಡ್ಡೆ ಗಣಪತಿಯ ಗುಡಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಅಂಗಡಿ ಇಟ್ಟವರು. ಗರಿಕೆ ಕಟ್ಟು, ತೆಂಗಿನಕಾಯಿ, ಬಾಳೆಹಣ್ಣು ಮಾರುತ್ತಾರೆ. ಮನೆ ಅಂಗಡಿಯ ಹಿಂದೆ, ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಕುಂದಾಪುರದಲ್ಲಿದ್ದುಕೊಂಡು ಪತ್ರಿಕೆಯೊಂದಕ್ಕೆ ವರದಿ ಮಾಡುವವನು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಏನಾದರೂ ಬರೆಯಬೇಕಾದವನು ನಾನೇ.

ಸಂಕಷ್ಟಿ ಮಾಡುವ ನಾಯಿಯ ಖ್ಯಾತಿ ಅಂದು ಹುಟ್ಟಿದ್ದಲ್ಲ. ಅಕ್ಕನ ಮನೆಯಲ್ಲಿ ಸಂಕಷ್ಟಿಯ ಮಧ್ಯಾಹ್ನ ಅನ್ನ ಬೇಯುವುದಿಲ್ಲ. ಮನೆಯವರು ಅವಲಕ್ಕಿ, ಹಣ್ಣು ತಿಂದುಕೊಂಡು ಚಂದ್ರೋದಯ ಕಾಯುತ್ತಾರೆ. ಅನ್ನ ಆಗುವುದು ರಾತ್ರಿಗೆ, ನಾಯಿಗೆ ಸಿಗುವುದೂ ಆಗಲೇ. ಹಾಗಾಗಿ ಅದು ಮರಿಯಾಗಿದ್ದಾಗಿನಿಂದಲೂ ತಿಂಗಳಿಗೊಂದು ದಿನ ಮನೆಯವರೊಂದಿಗೇ ಉಪವಾಸ ಇತ್ತು. ಯಾರೋ ಗಿರಾಕಿ ತಮಾಷೆಗೆ "ನಿಮ್ಮ ನಾಯಿಯೂ ಸಂಕಷ್ಟಿ ಹಿಡಿದಿದೆಯೋ" ಎಂದು ಕೇಳಿದ್ದು ಭಾವನ ಬಾಯಲ್ಲಿ ಹೌದಾಯಿತು. ಕ್ರಮೇಣ ಬೀದಿಗೆಲ್ಲ ಹೌದಾಯಿತು. ಕೆಲವರು ಗರಿಕೆ ಕೊಳ್ಳುವ ಮೊದಲು ನಾಯಿಯ ತಲೆ ಸವರುತ್ತಿದ್ದರು.

ಅದು ಕಂದು ಮೈಯ, ಎದೆಯ ಮೇಲಷ್ಟೇ ಬಿಳಿ ಮಚ್ಚೆಯಿರುವ ನಾಡನಾಯಿ. ಈಗ ವಯಸ್ಸಾಗಿದೆ. ನಸುಕಿಗೇ ಭಾವನ ಜತೆ ಬಂದು ಅಂಗಡಿಯ ಮೆಟ್ಟಿಲು ಹತ್ತಿ ಗಲ್ಲಾಪೆಟ್ಟಿಗೆಯ ಪಕ್ಕ ಮಲಗುವುದು ಅದರ ಕೆಲಸವಾಗಿತ್ತು. ಈ ಸಲದ ಮಳೆಗಾಲದಲ್ಲಿ ಮೆಟ್ಟಿಲಿನ ಬುಡದಲ್ಲೇ ನಿಲ್ಲತೊಡಗಿತು. ಹಿಂಗಾಲು ಎತ್ತಲಾಗದೆ ಒಮ್ಮೆ ಮೆಟ್ಟಿಲನ್ನೂ ಒಮ್ಮೆ ಭಾವನನ್ನೂ ನೋಡುವುದು. ಬ್ರಹ್ಮಾವರದ ಪಶುವೈದ್ಯೆಯ ಬಳಿ ಕರೆದುಕೊಂಡು ಹೋದರು. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದದ್ದು ಕಂಡಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ತೂಕ ನೋಡಿ, ನೋವು ಮತ್ತು ಊತಕ್ಕೆಂದು ನಾಯಿಗಳಿಗೇ ಇರುವ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಒಮ್ಮೆ, ಅನ್ನದ ಜತೆ.

ಒಂದು ವಾರದೊಳಗೆ ಭಾವ ನನಗೆ ವಿಡಿಯೋ ಕಳಿಸಿದ್ದರು. ನಾಯಿ ಮೆಟ್ಟಿಲು ಹತ್ತುತ್ತಿದೆ. ಹಿನ್ನೆಲೆಯಲ್ಲಿ ಭಾವನ ದನಿ: "ಕಾಣಿ ಕಾಣಿ, ಹತ್ತ್‌ತ್." ಅಷ್ಟು ಸಂತೋಷದ ದನಿಯನ್ನು ನಾನು ಅವರಲ್ಲಿ ಅದಕ್ಕೂ ಮೊದಲು ಕೇಳಿರಲಿಲ್ಲ.

ಆ ನಾಯಿ ಈಗ ಸಂಕಷ್ಟಿ ಮುಗಿದ ಮರುದಿನವೂ ಉಣ್ಣುತ್ತಿಲ್ಲ. ನಾನು ಬೈಕ್ ತೆಗೆದೆ. ಕೋಟೇಶ್ವರ ದಾಟುವಾಗ ಸುದ್ದಿಯ ಮೊದಲ ಸಾಲು ತಲೆಯೊಳಗೆ ಸಿದ್ಧವಾಗುತ್ತಿತ್ತು ಎಂದರೆ ಸುಳ್ಳಲ್ಲ. ಹಬ್ಬದ ಪುರವಣಿಯಲ್ಲಿ ಚೌಕಟ್ಟು ಹಾಕಿ ಅಚ್ಚಿಸಲು ಒಳ್ಳೆಯ ಪೆಟ್ಟಿಗೆ ಸುದ್ದಿ.

ಅಂಗಡಿಯ ಮುಂದೆ ನಾಲ್ಕಾರು ಜನ ನಿಂತಿದ್ದರು. ನಾಯಿ ಗಲ್ಲಾಪೆಟ್ಟಿಗೆಯ ಪಕ್ಕ ಗೋಣಿಯ ಮೇಲೆ ಮಲಗಿತ್ತು. ಯಾರೋ ಅದರ ಹಣೆಗೆ ಕುಂಕುಮ ಇಟ್ಟಿದ್ದರು. ನನ್ನನ್ನು ಕಂಡು ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು, ಎರಡನೆಯ ಸಲ ಬಡಿಯಲಿಲ್ಲ. ಮಾಮೂಲಿನಲ್ಲಿ ಅದು ನನ್ನ ಬೈಕಿನ ಸದ್ದಿಗೇ ಎದ್ದು ಬರುವ ನಾಯಿ.

"ಕೂತ್ಕ. ಫೋಟೋ ತೆಗಿ ಮೊದ್ಲ್," ಎಂದರು ಭಾವ.

ನಾನು ಫೋಟೋ ತೆಗೆಯಲಿಲ್ಲ. ಯಾವ ಸುದ್ದಿಗೂ ಕೇಳುವ ಪ್ರಶ್ನೆಗಳನ್ನೇ ಕೇಳತೊಡಗಿದೆ. "ಕಡೆಯ ಸಲ ಉಂಡದ್ದು ಯಾವಾಗ ಭಾವ?"

"ಸಂಕಷ್ಟಿ ಹಿಂದಿನ ದಿನ."

"ನೀವು ಕಂಡದ್ದಾ?"

"ನಾ ಅಂಗ್ಡಿಲಿ ಇದ್ದಿದ್ದೆ. ನಿನ್ನ ಅಕ್ಕನತ್ರ ಕೇಣ್."

ಅಕ್ಕ ಹಿತ್ತಲ ಜಗಲಿಯಲ್ಲಿ ಮಜ್ಜಿಗೆ ಕಡೆಯಲು ಕುಳಿತಿದ್ದಳು. ಬೆಕ್ಕು ಅವಳ ಮೊಣಕಾಲಿಗೆ ಒರಗಿ ಭರಣಿಯ ಬಾಯನ್ನೇ ನೋಡುತ್ತಿತ್ತು.

"ಹಿಂದಿನ ದಿನವೂ ಉಂಡಿಲ್ಲ ಅದ್," ಎಂದಳು. "ಅನ್ನ ಹಾಕಿದ್ದ್ ಹಾಂಗೇ ಇತ್ತ್. ಅಂಗ್ಡಿಲಿ ಬಾಳೆಹಣ್ಣ್ ತಿಂದ್ ಹೊಟ್ಟಿ ತುಂಬ್ಸಿರ್ಕ್ ಅಂದ್ಕಂಡೆ."

ಅಂದರೆ ಸಂಕಷ್ಟಿಗೆ ಮೊದಲೇ ಉಪವಾಸ ಶುರುವಾಗಿತ್ತು. ನನ್ನ ಪೆಟ್ಟಿಗೆ ಸುದ್ದಿಗೆ ಅಲ್ಲೇ ಬಿರುಕು ಬಿತ್ತು. ನಾನು ಅಂಗಡಿಗೆ ಓಡಿದೆ. ಅಕ್ಕ ಹೇಳಿದ್ದನ್ನು ಭಾವನಿಗೆ ಹೇಳಲಿಲ್ಲ. ಮುಂದಿನದನ್ನು ಕೇಳಿದೆ: "ವಾಂತಿ ಮಾಡಿದೆಯಾ?"

"ನಿನ್ನಿ ಬೆಳಿಗ್ಗೆ ಒಂದ್ಸಲ, ಅಂಗ್ಡಿ ಹಿಂದೆ. ಹುಲ್ಲ್ ತಿಂದಿರ್ಕ್."

"ಹೊರಗೆ ಹೋಗಿದ್ದು ಹೇಗಿತ್ತು? ಬಣ್ಣ?"

ಪಕ್ಕದಲ್ಲಿದ್ದ ಗಿರಾಕಿ ಮುಖ ತಿರುಗಿಸಿದ. ಭಾವ ಸ್ವಲ್ಪ ತಡವರಿಸಿದರು. "ಕಪ್ಪ್ ಇತ್ತ್. ಪಂಚಕಜ್ಜಾಯ ಹಾಕಿದ್ದೆ ಮಾರಾಯ, ಅದ್ರಲ್ಲ್ ಎಳ್ಳ್ ಇರ್ತಲ್ದಾ. ನಿಂಗ್ ಇದನ್ನೆಲ್ಲ ಪೇಪರ್ರಿಗ್ ಹಾಕುಕಿತ್ತಾ?"

ತೋರಿಸಿ ಎಂದೆ. ಅಂಗಡಿಯ ಹಿಂದೆ ಬಾಳೆಯ ಬುಡದಲ್ಲಿತ್ತು. ಎಳ್ಳಿನ ಕಪ್ಪಲ್ಲ. ಡಾಂಬರಿನಂತೆ ಅಂಟು ಅಂಟಾಗಿ, ಮಿರುಗುವ ಕಪ್ಪು. ಡಾಕ್ಟರು ಮಾತ್ರೆ ಬರೆದ ದಿನ ಜತೆಯಲ್ಲಿ ನಾನೂ ಇದ್ದೆ. ಅವರು ಹೇಳಿದ ಮಾತು ನನಗೆ ನೆನಪಿತ್ತು: ಊಟ ಬಿಟ್ಟರೆ, ವಾಂತಿ ಮಾಡಿದರೆ, ಮಲ ಕಪ್ಪಾದರೆ ಮಾತ್ರೆ ನಿಲ್ಲಿಸಿ, ನನಗೆ ಫೋನ್ ಮಾಡಿ, ನಾಳೆಗೆ ಇಡಬೇಡಿ. ಆ ಮೂರೂ ಇಲ್ಲಿ ಒಟ್ಟಿಗೇ ಬಂದಿದ್ದವು. ಅದಕ್ಕೆ ಜನ ಕೈ ಮುಗಿಯುತ್ತಿದ್ದರು.

"ಭಾವ, ಇದು ಸಂಕಷ್ಟಿ ಅಲ್ಲ. ಹೊಟ್ಟೆಯೊಳಗೆ ರಕ್ತ ಹೋಗುತ್ತಿದೆ. ವ್ಯಾನ್ ತೆಗೆಯಿರಿ."

ಭಾವ ನನ್ನ ಮುಖ ನೋಡಿದರು. ಆಮೇಲೆ ಗಿರಾಕಿಗಳ ಕಡೆಗೆ ತಿರುಗದೆ ಕೈ ಬೀಸಿ "ಅಂಗ್ಡಿ ಇಲ್ಲ, ಇವತ್ತ್ ಅಂಗ್ಡಿ ಇಲ್ಲ," ಎಂದು ಬಾಗಿಲಿನ ಹಲಗೆ ಎಳೆಯತೊಡಗಿದರು. ಗರಿಕೆ ಕಟ್ಟಿಗೆ ಕೈ ಚಾಚಿದ್ದ ಹೆಂಗಸೊಬ್ಬರು ಚಾಚಿದ ಕೈಯಲ್ಲೇ ನಿಂತರು.

ವ್ಯಾನಿನೊಳಗಿನ ಬಾಳೆಗೊನೆಗಳನ್ನು ಬದಿಗೆ ಸರಿಸಿ ಗೋಣಿ ಹಾಸಿ ನಾಯಿಯನ್ನು ಮಲಗಿಸಿದೆವು. ನಾನು ಹಿಂದೆ ಅದರ ಪಕ್ಕ ಕುಳಿತೆ. ಹೆದ್ದಾರಿಗೆ ಬಿದ್ದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ ವರದಿ ಓದುವಂತೆ ಒಂದರ ಹಿಂದೆ ಒಂದು ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. "ಮಾತ್ರೆಯ ಸ್ಟ್ರಿಪ್ ತನ್ನಿ. ಬೇರೆ ಏನೂ ಕೊಡಬೇಡಿ. ಹಾಲೂ ಬೇಡ, ಅರಿಶಿನವೂ ಬೇಡ. ಸೀದಾ ಬನ್ನಿ."

ಸ್ಟ್ರಿಪ್ ಮನೆಯಲ್ಲಿತ್ತು. ತೆಕ್ಕಟ್ಟೆಯಿಂದ ಹಿಂದಿರುಗುವುದೋ ಬೇಡವೋ ಎಂದು ಒಂದು ಕ್ಷಣ ಚರ್ಚೆಯಾಯಿತು. ಬೇಡ, ಅಕ್ಕ ಫೋಟೋ ತೆಗೆದು ಕಳಿಸಲಿ ಎಂದೆ. ಕೋಟ ಬರುವಷ್ಟರಲ್ಲಿ ಫೋಟೋ ಬಂತು. ಸಾಲಿಗ್ರಾಮದಲ್ಲಿ ಬಸ್ಸೊಂದು ಮುಂದೆ ನಿಂತು ಜನ ಇಳಿಸುತ್ತಿದ್ದಾಗ ಭಾವ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ಜೀವನದಲ್ಲಿ ಅವರು ಹಾಗೆ ಹಾರ್ನ್ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಹಾಕಿ, "ಎಂತ ಹ್ವಾಯ್, ಬಾಳೆಗೊನೆ ಹಣ್ಣಾಪುಕೆ ಅಷ್ಟ್ ಅರ್ಜೆಂಟಾ?" ಎಂದ.

ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಅವರೂ ಈ ಕಡೆಯವರೇ. ಮೇಜಿನ ಮೇಲೆ ಮಲಗಿಸಿದ ನಾಯಿಯ ಒಸಡು ಎತ್ತಿ ನೋಡಿ ಬಣ್ಣ ಬಿಳಿಚಿದೆ ಎಂದರು. ಹೊಟ್ಟೆ ಒತ್ತಿದಾಗ ನಾಯಿ ಮೊದಲ ಬಾರಿ ಮೆಲ್ಲಗೆ ನರಳಿತು. ರಕ್ತ ತೆಗೆದರು, ಮುಂಗಾಲಿಗೆ ಸೂಜಿ ಹಾಕಿ ಡ್ರಿಪ್ ಏರಿಸಿದರು. ಎಲ್ಲವೂ ಸರಸರನೆ ನಡೆಯಿತು. ಕೈ ಕೆಲಸದಲ್ಲಿರುವಾಗಲೇ ಪ್ರಶ್ನೆಗಳೂ ಬಂದವು.

"ಈ ಮಾತ್ರೆ ಬಿಟ್ಟ್ ಬೇರೆ ಎಂತ ಕೊಟ್ರಿ?"

"ಎಂತದೂ ಇಲ್ಲ," ಎಂದರು ಭಾವ.

"ನೋವಿಗ್? ನಿಮ್ದೇ ಮಾತ್ರೆ, ಮನೆಯವ್ರ ಮಾತ್ರೆ, ಎಣ್ಣೆ, ಕಷಾಯ?"

ಭಾವ ಗೋಡೆಯ ಮೇಲಿದ್ದ ಹಸುವಿನ ಚಿತ್ರ ನೋಡಿದರು. "ಅದ್ ಸಂಕಷ್ಟಿಗ್ ಮೊದ್ಲ್ ಮೆಟ್ಲಲ್ಲ್ ಜಾರಿತ್ತ್. ಪಾಪ, ಕುಂಟ್ತಿತ್ತ್. ಇದರ ಮಾತ್ರೆ ಮನೆಲಿ. ನನ್ನ ಸೊಂಟನೋವಿಂದ್ ಗಲ್ಲಾಪೆಟ್ಟಿಗೆಲಿ ಇತ್ತ್. ಅರ್ಧ ಮಾತ್ರೆ ಬಾಳೆಹಣ್ಣಲ್ಲ್ ಇಟ್ ಕೊಟ್ಟೆ. ನೋವಿನ್ ಮಾತ್ರೆಯೇ ಅಲ್ದಾ ಡಾಕ್ಟ್ರೆ?"

"ಒಂದೇ ದಿನವಾ?"

"ದಿನಾ ಬೆಳಿಗ್ಗೆ. ನಿನ್ನಿಯೂ."

"ಮನೆಯಲ್ಲಿ ಇದರ ಮಾತ್ರೆ ಕೊಡುದ್ ನಿಲ್ಸಿದ್ರಾ?"

ಅದು ಅಕ್ಕನಿಗೇ ಗೊತ್ತು ಎಂದರು ಭಾವ. ನಾನು ಅಕ್ಕನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ದಿನವೂ ಮಧ್ಯಾಹ್ನದ ಅನ್ನದಲ್ಲಿ, ಸಂಕಷ್ಟಿಯಂದು ರಾತ್ರಿಯದರಲ್ಲಿ ಮಾತ್ರೆ ಹಾಕಿದ್ದೇನೆ ಎಂದಳು. ಜಾರಿದ ದಿನ, ಅದರ ಮರುದಿನ ನಾಯಿ ಅನ್ನ ತಿಂದಿತ್ತು, ಮಾತ್ರೆಯೂ ಹೊಟ್ಟೆಗೆ ಹೋಗಿತ್ತು. ಆಮೇಲೆ ಅನ್ನ ಬಿಟ್ಟಿತು. ಅಂಗಡಿಯ ಬಾಳೆಹಣ್ಣು ಮಾತ್ರ ಭಾವ ಕೊಟ್ಟರೆಂಬ ಕಾರಣಕ್ಕೆ ನುಂಗುತ್ತಿತ್ತು, ಅದೂ ಖಾಲಿ ಹೊಟ್ಟೆಯಲ್ಲಿ. ಅಂಗಡಿಯಲ್ಲಿ ಒಬ್ಬರು, ಮನೆಯಲ್ಲಿ ಒಬ್ಬರು, ಇಬ್ಬರೂ ಪ್ರೀತಿಯಿಂದ, ಒಬ್ಬರದು ಇನ್ನೊಬ್ಬರಿಗೆ ತಿಳಿಯದೆ.

ಡಾಕ್ಟರು ಸಿರಿಂಜ್ ಕೆಳಗಿಟ್ಟರು. "ಒಂದೇ ಜಾತಿಯ ಎರಡ್ ಔಷಧಿ ಒಟ್ಟಿಗೆ ಹೋದ್ರೆ ಹೊಟ್ಟೆಯ ಒಳಗೋಡೆ ಹುಣ್ಣಾತ್ತ್. ಕಿಡ್ನಿಗೂ ಪೆಟ್ಟ್. ಮನುಷ್ಯರ ಮಾತ್ರೆ ನಾಯಿಗೆ ಸಣ್ಣ ತುಂಡಾದ್ರೂ ಜಾಸ್ತಿಯೇ ಆಪುದು. ಈ ಮಾತ್ರೆಯದ್ದ್ ತಪ್ಪಲ್ಲ, ಇದರಿಂದಲೇ ಅದ್ ಮೆಟ್ಲ್ ಹತ್ತಿದ್ದ್." ನಂತರ ಫೋನಿನತ್ತ ಬಗ್ಗಿ ಕೇಳಿದರು: "ಅಕ್ಕ, ನಾಯಿ ಬಿಟ್ಟ ಅನ್ನ ಎಲ್ಲಿದೆ? ಮಾತ್ರೆ ಹಾಕಿದ್ದ್?"

"ನಿನ್ನಿ ರಾತ್ರಿದ್ ಜಗ್ಲಿ ಕೆಳ್ಗೆ, ಬಟ್ಲಲ್ಲೇ ಇತ್ತ್."

"ಮನೆಯಲ್ಲಿ ಬೆಕ್ಕ್ ಇದೆಯಾ?"

ನನ್ನ ಕಣ್ಣ ಮುಂದೆ ಅಕ್ಕನ ಮೊಣಕಾಲಿಗೆ ಒರಗಿದ್ದ ಬೆಕ್ಕು ಬಂತು.

"ಇತ್ತ್," ಎಂದಳು ಅಕ್ಕ.

"ಬಟ್ಟಲನ್ನ ಈಗಲೇ ಕಾಣಿ. ನಾಯಿಗೆ ಸರಿಯಾದ ಅಳತೆ ಬೆಕ್ಕಿಗೆ ವಿಷ ಆಪುಕ್ ಸಾಕ್. ಮಾತ್ರೆ ಅಲ್ಲೇ ಇದೆಯಾ, ಬೆರಳಲ್ಲಿ ಹುಡುಕಿ ಹೇಳಿ."

ಅವಳು ಓಡುವ ಸದ್ದು ನಮಗೆ ಕೇಳಿಸಿತು. ಪಾತ್ರೆ ಉರುಳಿತು. "ಹೋಯ್ ಹೋಯ್, ಆಚಿ ಹೋಗ್," ಎಂದು ಗದರಿದ್ದು ಕೇಳಿಸಿತು. ಭಾವ ನನ್ನ ತೋಳನ್ನು ಹಿಡಿದದ್ದು ಆಗ ಗೊತ್ತಾಗಲಿಲ್ಲ, ಆಮೇಲೆ ಬೆರಳಿನ ಗುರುತು ಕಂಡೆ.

"ಸಿಕ್ತ್," ಎಂದಳು ಅಕ್ಕ. "ಬೆಲ್ಲದ ಉಂಡಿ ಒಳ್ಗೆ ಇಟ್ಟಿದ್ದೆ. ಇಡಿಯಾಗೇ ಇತ್ತ್."

"ಮೊನ್ನೆ ಹಾಕಿದ್ದ್?"

"ಮೊನ್ನೆದ್ ನಾನೇ ತೆಂಗಿನ ಬುಡಕ್ಕೆ ಚೆಲ್ಲಿ ಮಣ್ಣ್ ಎಳ್ದಿದೆ. ಬೆಕ್ಕಿಗ್ ಅನ್ನ ಎಂತಕ್ಕೆ ಡಾಕ್ಟ್ರೆ, ಬೆಣ್ಣಿ ಇಪ್ಪಾಗ?"

ಡಾಕ್ಟರು ಅಂದು ಮೊದಲ ಬಾರಿ ನಕ್ಕರು. ಬೆಕ್ಕಿನ ಮೇಲೆ ಕಣ್ಣಿಡಿ, ಊಟ ಬಿಟ್ಟರೆ ಕೂಡಲೇ ತನ್ನಿ ಎಂದು ಹೇಳಿ ಫೋನ್ ನನ್ನ ಕೈಗೆ ಕೊಟ್ಟರು. ಬೆಕ್ಕಿನ ಮೈ ಇಂಥ ಔಷಧಿಯನ್ನು ಬಲು ನಿಧಾನಕ್ಕೆ ಹೊರಹಾಕುತ್ತದೆ, ಹಾಗಾಗಿ ಬೆಕ್ಕಿಗೆ ಬೇರೆ ಔಷಧಿ, ಬೇರೆ ಅಳತೆ, ಅದೂ ಪರೀಕ್ಷೆ ಮಾಡಿ ನೋಡಿದ ಮೇಲೆ ಎಂದರು. ಜ್ವರಕ್ಕೆ ನಾವು ನುಂಗುವ ಸಾಮಾನ್ಯ ಮಾತ್ರೆಯೊಂದೇ ಬೆಕ್ಕನ್ನು ಕೊಲ್ಲಬಲ್ಲದು ಎಂದಾಗ ಭಾವ ಬೆಂಚಿನ ಮೇಲೆ ಕುಳಿತುಬಿಟ್ಟರು.

ರಕ್ತದ ವರದಿ ಬಂತು. ರಕ್ತ ಕಡಿಮೆಯಾಗಿತ್ತು. ಮೂತ್ರಪಿಂಡದ ಲೆಕ್ಕ ಇರಬೇಕಾದ್ದಕ್ಕಿಂತ ಮೇಲಿತ್ತು. ಡ್ರಿಪ್‌ನಲ್ಲಿ ತೊಳೆದು ಇಳಿಯುತ್ತದೋ, ಅಲ್ಲೇ ನಿಲ್ಲುತ್ತದೋ ಈಗಲೇ ಹೇಳಲಾರೆ ಎಂದರು ಡಾಕ್ಟರು. "ಹೊಟ್ಟೆಗೆ ಔಷಧಿ ಕೊಟ್ಟಿದ್ದೇನೆ. ಇನ್ನು ಅದು ತಾನಾಗಿ ಉಂಬುದನ್ನ ಕಾಯ್ಬೇಕು. ಉಂಡ್ರೆ ಅರ್ಧ ಗೆದ್ದ ಹಾಗೆ."

ನಾಯಿಯನ್ನು ಅಲ್ಲೇ ಉಳಿಸಿಕೊಂಡರು. ಭಾವ ಹಿಂದಿರುಗಲು ಒಪ್ಪಲಿಲ್ಲ. ಬಾಳೆಗೊನೆ ತುಂಬಿದ ವ್ಯಾನನ್ನು ಆಸ್ಪತ್ರೆಯ ಮುಂದೆಯೇ ಬಿಟ್ಟು ಬೆಂಚಿನ ಮೇಲೆ ಕುಳಿತರು. ನಾನು ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದೆ. ಇಳಿದ ಮೇಲೆ ನನ್ನ ಬೈಕ್ ಕುಂಭಾಶಿಯಲ್ಲೇ ಇದೆ ಎಂಬುದು ನೆನಪಾಯಿತು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಅಕ್ಕನನ್ನು ಕರೆದುಕೊಂಡು ಬ್ರಹ್ಮಾವರಕ್ಕೆ ಹೋದೆ. ಸ್ಟೀಲಿನ ಡಬ್ಬಿಯಲ್ಲಿ ಅಕ್ಕ ತೆಳ್ಳಗಿನ ಗಂಜಿ ಮಾಡಿಕೊಂಡು ಬಂದಿದ್ದಳು, ಡಾಕ್ಟರ ಒಪ್ಪಿಗೆ ಪಡೆದೇ. ನಾಯಿ ಮೂಸಿತು, ಮುಖ ತಿರುಗಿಸಿತು.

ಭಾವ ಅದರ ಪಕ್ಕ ನೆಲದ ಮೇಲೆ ಕುಳಿತಿದ್ದರು. "ಇನ್ನೂ ಸಂಕಷ್ಟಿ ಬಿಡ್ತಿಲ್ಲ," ಎಂದರು. ತಮಾಷೆ ಮಾಡಲು ಹೊರಟದ್ದು.

"ನಾಯಿಗ್ ಎಂತ ಸಂಕಷ್ಟಿ?" ಎಂದಳು ಅಕ್ಕ. "ಅದೆಂತ ಹರಕಿ ಹೊತ್ತಿತ್ತಾ? ನಾವ್ ಮಧ್ಯಾಹ್ನ ಅನ್ನ ಮಾಡ್ಲಿಲ್ಲ, ಅದಕ್ಕೆ ಸಿಕ್ಲಿಲ್ಲ. ಅಷ್ಟೇ ಕಥೆ. ನೀವ್ ಅದನ್ನ ಊರಿಗೆಲ್ಲ ಹೇಳ್ಕಂಡ್ ಬಂದ್ರಿ."

"ನೀನೂ ಕೇಂಡ್ ನಗಾಡ್ತಿದ್ದೆ."

"ನಗಾಡಿದ್ ಹೌದ್. ಇನ್ನ್ ನಗಾಡುದಿಲ್ಲ. ಇನ್ನ್ ಮಾತ್ರೆ ಕೊಡುದ್ ನಾನೊಬ್ಳೇ. ನಿಮ್ಮ ಸೊಂಟದ್ ನಿಮ್ಮ ಸೊಂಟಕ್ಕೇ ಇರ್ಲಿ."

ನನಗೆ ಕಚೇರಿಯಲ್ಲಿ ಕೂರಲಾಗುತ್ತಿರಲಿಲ್ಲ. ಎರಡನೆಯ ರಕ್ತ ಪರೀಕ್ಷೆ ಆಗಬೇಕಿತ್ತು. ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡು ಬೈಂದೂರಿನ ಕುಡಿಯುವ ನೀರಿನ ಸುದ್ದಿ ಬರೆದೆ. ಒಂದೇ ಪ್ಯಾರಾವನ್ನು ಮತ್ತೆ ಮತ್ತೆ ತಿದ್ದಿದೆ.

ಅದರ ಮರುದಿನ, ಸುದ್ದಿ ಸಭೆಯಲ್ಲಿ ಯಾವುದು ಮುಖಪುಟಕ್ಕೆ ಎಂದು ಮುಖ್ಯ ಉಪಸಂಪಾದಕರು ಕೇಳುತ್ತಿರುವಾಗ ಫೋನ್ ನಡುಗಿತು. ಭಾವ. ನಾನು ಸಭೆಯಲ್ಲಿ ಫೋನ್ ಎತ್ತುವವನಲ್ಲ. ಅಂದು ಎತ್ತಿದೆ.

"ಹ್ವಾಯ್," ಎಂದರು. ಹಿಂದೆ ಏನೋ ಲೊಚಲೊಚ ಸದ್ದು. "ಕೇಂತಾ? ಗಂಜಿ. ಬಟ್ಲ್ ನೆಕ್ತಿತ್ತ್."

"ರಕ್ತದ್ದು?"

"ಇಳ್ದಿತ್ತ್ ಅಂದ್ರ್ ಡಾಕ್ಟ್ರ್. ಪೂರ್ತಿ ಸಮ ಆಪುಕೆ ಇನ್ನೂ ಸ್ವಲ್ಪ ದಿನ ಬೇಕಂಬ್ರ್. ಇದನ್ನ ಪೇಪರ್ರಿಗ್ ಹಾಕ್ತ್ಯಾ?"

ಸಭೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಏನು ಸುದ್ದಿ ಎಂದು ಕೇಳಿದರು ಉಪಸಂಪಾದಕರು. ನಾಯಿ ಉಂಡಿತು ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಮುಂದಿನ ಸುದ್ದಿಗೆ ಹೋದರು.

ನಾಯಿ ಮನೆಗೆ ಬಂದ ಮೇಲೆ ಹೊಟ್ಟೆ ಮಾಗಲೆಂದು ಕೆಲವು ವಾರ ಹಳೆಯ ಮಾತ್ರೆಗೆ ಬಿಡುವು. ಆ ದಿನಗಳಲ್ಲಿ ನೋವಿಗೆ ಬೇರೆ ಬಗೆಯ ಔಷಧಿ ಕೊಟ್ಟರು. ತೂಕ ಇಳಿಸಲು ಹೇಳಿದರು. ಜಾರದಂತೆ ಮೆಟ್ಟಿಲಿಗೆ ಗೋಣಿ ಹೊಡೆಸಿದರು. ಆಮೇಲೆ ಮತ್ತೆ ರಕ್ತ ನೋಡಿ, ಮೊದಲಿಗಿಂತ ಕಡಿಮೆ ಅಳತೆಯಲ್ಲಿ ಅದೇ ಮಾತ್ರೆಯನ್ನು ಶುರು ಮಾಡಿದರು. ಸ್ಟ್ರಿಪ್ ಅಕ್ಕನ ಸಾಸಿವೆ ಡಬ್ಬಿಯ ಪಕ್ಕ ಇರುತ್ತದೆ. ನಾಯಿ ಅನ್ನ ಮುಗಿಸುವವರೆಗೆ ಅಕ್ಕ ಎದುರೇ ಕುಳಿತಿರುತ್ತಾಳೆ. ಆ ಹೊತ್ತಿಗೆ ಬೆಕ್ಕು ಅಡುಗೆಮನೆಯೊಳಗೆ, ಬಾಗಿಲು ಹಾಕಿ.

ಅದಾದ ಮೇಲೆ ಬಂದ ಸಂಕಷ್ಟಿಗೆ ನಾನೂ ಕುಂಭಾಶಿಗೆ ಹೋಗಿದ್ದೆ. ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಗರಿಕೆ ಖಾಲಿಯಾಗಿ ಎರಡನೆಯ ಬಾರಿ ತರಿಸಿದ್ದರು. ನಾಯಿ ಗಲ್ಲಾಪೆಟ್ಟಿಗೆಯ ಪಕ್ಕ ತನ್ನ ಜಾಗದಲ್ಲಿತ್ತು. ನನ್ನ ಬೈಕ್ ನಿಲ್ಲುವ ಮೊದಲೇ ಎದ್ದು ಗೋಣಿ ಹೊಡೆದ ಮೆಟ್ಟಿಲು ಒಂದೊಂದಾಗಿ ಇಳಿದು ಬಂತು.

ಪ್ರತಿ ಸಂಕಷ್ಟಿಗೂ ಬರುವ ಹಿರಿಯರೊಬ್ಬರು ಅದರ ತಲೆ ಸವರಿ ಪಕ್ಕದವರಿಗೆ ಹೇಳುತ್ತಿದ್ದರು: "ಇದ್ ಉಪವಾಸ ಮಾಡ್ತ್ ಕಾಣಿ. ಚಂದ್ರ ಕಾಣದೆ ಉಂಬುದಿಲ್ಲ."

ಭಾವ ಹಣ್ಣು ಕಟ್ಟುತ್ತಿದ್ದ ಕೈ ನಿಲ್ಲಿಸಿದರು. ಏನು ಹೇಳುತ್ತಾರೋ ಎಂದು ನಾನು ನೋಡುತ್ತಿದ್ದೆ. ಇಷ್ಟು ವರ್ಷ ಗಿರಾಕಿಗಳನ್ನು ಕರೆದು ತಂದ ಮಾತು ಅದು.

"ಇಲ್ಲ ಮಾರಾಯ್ರೆ," ಎಂದರು. "ಅದ್ ಉಂತ್ತ್. ಮಧ್ಯಾಹ್ನವೇ ಉಂತ್ತ್. ಉಣ್ದಿದ್ರೆ ನಮ್ಗ್ ಹೆದ್ರಿಕೆ."

ಹಿರಿಯರು ಕೈ ಹಿಂತೆಗೆದುಕೊಂಡು ನಾಯಿಯನ್ನೂ ಭಾವನನ್ನೂ ನೋಡಿದರು. ಹಿಂದಿನಿಂದ, ಮನೆಯ ಕಡೆಯಿಂದ, ಅನ್ನ ಬೇಯುವ ವಾಸನೆ ಬರುತ್ತಿತ್ತು. ಸಂಕಷ್ಟಿಯ ಮಧ್ಯಾಹ್ನ ಆ ಮನೆಯಲ್ಲಿ ಅನ್ನದ ವಾಸನೆ ನನ್ನ ಮೂಗಿಗೆ ಬಂದದ್ದು ಅದೇ ಮೊದಲು. ನಾಯಿಗೂ ಬಂದಿರಬೇಕು. ಅದು ನಮ್ಮೆಲ್ಲರ ಕಾಲುಗಳ ನಡುವೆ ದಾರಿ ಮಾಡಿಕೊಂಡು, ಹಿರಿಯರನ್ನು ಸರಿಸಿ, ತನ್ನ ಬಟ್ಟಲಿರುವ ಜಗಲಿಯ ಕಡೆಗೆ ಓಡಿತು. ಪೂರ್ತಿ ಓಟವಲ್ಲ. ಹಿಂಗಾಲು ಸ್ವಲ್ಪ ಬಿಗಿಯಾಗಿತ್ತು. ಆದರೂ ಓಟವೇ.